ಹಗುರ ಕೋವಿ ಕೊಳ್ಳುವ ಮುನ್ನ

ಕೈಲ್ ಪೊಳ್ದ್ ಹತ್ತಿರವಾದಂತೆ ಕೊಡಗಿನ ಮನೆಗಳಲ್ಲಿ ಕೋವಿಯ ಮಾತು ಏಳುತ್ತದೆ. ಸೆಪ್ಟೆಂಬರ್ 3ರಂದು ಕೋವಿಗೆ ತೋಕ್ ಪೂ ಸಿಕ್ಕಿಸಿ ಪೂಜೆ. ಬಳಿಕ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಅಜ್ಜನ ಕಾಲದ ಭಾರದ ಕೋವಿಯ ಬದಲು ಹಗುರವಾದುದೊಂದನ್ನು ಕೊಂಡರೆ ದೂರದ ಕಾಯಿ ಸುಲಭವಾಗಿ ಉರುಳೀತೆಂದು ನೀವೂ ಯೋಚಿಸುತ್ತಿರಬಹುದು. ಹಣ ಎಣಿಸುವ ಮೊದಲು ಕೆಲವು ವಿಷಯಗಳನ್ನು ಗಮನಿಸುವುದು ಒಳಿತು.

ತೂಕ ಮತ್ತು ಒದೆತ

ಹನ್ನೆರಡು ಬೋರಿನ ತೋಟಾಕೋವಿ ಸಾಮಾನ್ಯವಾಗಿ 3ರಿಂದ 3.5 ಕಿಲೋ ತೂಗುತ್ತದೆ. ತೋಟದ ಏರು ಹತ್ತುವಾಗ ಅರ್ಧ ಕಿಲೋ ಕಡಿಮೆಯಾದರೂ ಹೆಗಲಿಗೆ ಹಾಯೆನಿಸುವುದು ನಿಜ. ಆದರೆ ಅದೇ ತೋಟಾವನ್ನು 3.5 ಕಿಲೋದ ಬದಲು 2.8 ಕಿಲೋದ ಕೋವಿಯಲ್ಲಿ ಹಾರಿಸಿದರೆ ಒದೆತದ ಶಕ್ತಿ ಕಾಲುಭಾಗದಷ್ಟು ಹೆಚ್ಚುತ್ತದೆ. ನಾಲ್ಕು ಈಡು ಹೊಡೆಯುವಷ್ಟರಲ್ಲಿ ಭುಜ ಅಳುಕುತ್ತದೆ. ಅಳುಕಿದವನು ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಾನೆ. ಹಗುರ ನಳಿಗೆ ಉಸಿರಾಟಕ್ಕೂ ಅಲುಗುವುದರಿಂದ ದೂರದ ಗುರಿ ತಪ್ಪುವುದೇ ಹೆಚ್ಚು. ಹಗುರವಾದುದೇ ಬೇಕೆಂದಾದರೆ 36 ಗ್ರಾಂ ಚರೆಯ ತೋಟಾ ಬಿಟ್ಟು 28 ಗ್ರಾಮಿನದನ್ನು ಬಳಸಿ; ಹಿಂಬದಿಗೆ ರಬ್ಬರ್ ಮೆತ್ತೆ ಹಾಕಿಸಿ.

ಮೈಗೆ ಹೊಂದಬೇಕು

ತೂಕಕ್ಕಿಂತ ಮುಖ್ಯವಾದುದು ಅಳತೆ. ಕೋವಿ ಖಾಲಿಯಿದೆಯೆಂದು ಎರಡು ಸಲ ನೋಡಿ. ನಿರಪಾಯದ ದಿಕ್ಕಿಗೆ ತಿರುಗಿ, ಕಣ್ಣು ಮುಚ್ಚಿ ಕೋವಿಯನ್ನು ಭುಜಕ್ಕೆ ತನ್ನಿ. ಕಣ್ಣು ತೆರೆದಾಗ ನೋಟ ನಳಿಗೆಯ ಮೇಲೆ ನೇರವಾಗಿ ಹರಿದರೆ ಆ ಕೋವಿ ನಿಮಗೆ ಹೊಂದುತ್ತದೆ. ಕತ್ತು ಚಾಚಬೇಕಾದರೆ ಹಿಂಬದಿಯ ಮರ ಉದ್ದವಾಯಿತೆಂದೇ ತಿಳಿಯಿರಿ. ಗಂಡಸರ ಅಳತೆಯ ಕೋವಿಯನ್ನು ಮನೆಯ ಹೆಣ್ಣುಮಕ್ಕಳ ಕೈಗೆ ಕೊಟ್ಟು ಗುರಿ ತಪ್ಪಿತೆಂದರೆ ತಪ್ಪು ಅವರದಲ್ಲ.

ದೂರದ ಲೆಕ್ಕ

ಚರೆ 35–40 ಮೀಟರ್ ದಾಟಿದರೆ ಚದುರಿ ಬಲ ಕಳೆದುಕೊಳ್ಳುತ್ತದೆ. .22 ರೈಫಲ್ಲಿನ ಗುಂಡು ಕಿರುಬೆರಳಿನ ಉಗುರಿಗಿಂತ ಸಣ್ಣದಾದರೂ ಒಂದೂವರೆ ಕಿಲೋಮೀಟರ್ ಆಚೆಗೂ ಹೋಗಬಲ್ಲದು. ಆದ್ದರಿಂದ ಕಾಯಿಯ ಹಿಂದೆ ಎತ್ತರದ ಮಣ್ಣಿನ ಬರೆ ಇರಲೇಬೇಕು. ಕೋವಿಗೆ ದುರ್ಬೀನು ಕೂಡಿಸಿದ್ದರೆ ಅದು ಗುರಿಯಿಡಲು ಮಾತ್ರ. ಪೊದೆಯಲ್ಲಿರುವುದು ಏನೆಂದು ಅದರಿಂದ ನೋಡುವುದೆಂದರೆ, ಅಲ್ಲಿ ಕೂಲಿಯವರೋ ನೆರೆಯವರೋ ಇದ್ದಲ್ಲಿ ಅವರಿಗೇ ಕೋವಿ ತೋರಿಸಿದಂತೆ.

ಹಂದಿಯ ಕಾಟವಿದ್ದರೆ?

ಗದ್ದೆಗೆ ಹಂದಿ ನುಗ್ಗಿದಾಗ ಕೋವಿಗೆ ಕೈ ಹೋಗುವುದು ಸಹಜ. ಆದರೆ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರ ವರೆಗೆ ಇರುವ ವಿನಾಯಿತಿ ಕೋವಿಯ ಲೈಸೆನ್ಸಿಗೆ ಸಂಬಂಧಿಸಿದ್ದು; ಬೇಟೆಗೆ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ, ಬೆಳೆ ಹಾಳುಮಾಡುವ ಹಂದಿಯನ್ನು ಕೊಲ್ಲಲೂ ಅಧಿಕಾರ ಪಡೆದ ಅರಣ್ಯಾಧಿಕಾರಿಯ ಲಿಖಿತ ಆಜ್ಞೆ ಬೇಕು. ಬೆಳೆ ಹಾನಿಗೆ ಅರಣ್ಯ ಇಲಾಖೆಯಿಂದ ಪರಿಹಾರವುಂಟು; ಹಾನಿಯಾದ ಕೂಡಲೇ ಅರ್ಜಿ ಕೊಡಿ. ಕತ್ತಲಲ್ಲಿ ಕಾಫಿ ಗಿಡ ಅಲುಗಿತೆಂದು ಎಂದಿಗೂ ಈಡು ಹೊಡೆಯಬೇಡಿ.

ಪಂದ್ಯ ಮುಗಿದ ಮೇಲೆ ತೋಟಾ ತೆಗೆದು, ನಳಿಗೆ ಒರೆಸಿ ಎಣ್ಣೆ ಹಚ್ಚಿ. ಕೋವಿಯನ್ನೂ ತೋಟಾಗಳನ್ನೂ ಬೇರೆ ಬೇರೆ ಬೀಗದಲ್ಲಿಡಿ. ಬೀಗದ ಕೈ ಮಕ್ಕಳಿಗೆ ಸಿಗದಿರಲಿ.