ಶಾಲೆಯ ಪಾಸ್‌ವರ್ಡ್ ಝೆರಾಕ್ಸ್ ಅಂಗಡಿಯಲ್ಲಿ! ಮಕ್ಕಳ ಮಾಹಿತಿ ಕಾಯೋದು ಹೇಗೆ?

ಸಿಂಧನೂರು: ಅಂಗಡಿಗೆ ಶಟರ್ ಎಳೆದು ಎರಡೆರಡು ಬೀಗ ಹಾಕ್ತೀವಿ. ಆದರೆ ನಮ್ಮ ಮಕ್ಕಳ ಹೆಸರು, ಹುಟ್ಟಿದ ದಿನಾಂಕ, ಜಾತಿ, ಆಧಾರ್, ತಂದೆ-ತಾಯಿಯ ಮೊಬೈಲ್ ನಂಬರ್ ಎಲ್ಲಾ ಇರುವ ಶಾಲೆಯ ಲಾಗಿನ್‌ಗೆ ಬೀಗ ಇದೆಯಾ? ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದ ಪೋಷಕರು, ಶಿಕ್ಷಕರು, ಅದರಲ್ಲೂ ಆನ್‌ಲೈನ್ ಸೆಂಟರ್, ಝೆರಾಕ್ಸ್ ಅಂಗಡಿ ನಡೆಸೋರು ತಿಳಿದುಕೊಳ್ಳಲೇಬೇಕಾದ ವಿಷಯ ಇದು.

ಶಾಲೆಯ ಲಾಗಿನ್‌ನಲ್ಲಿ ಏನೇನಿದೆ?

ರಾಜ್ಯದಲ್ಲಿ ಶಾಲೆಗೆ ಸೇರುವ ಪ್ರತಿ ಮಗುವಿಗೂ ಒಂದು ಸ್ಯಾಟ್ಸ್ ನಂಬರ್ ಇರುತ್ತೆ. ದಾಖಲಾತಿ, ವರ್ಗಾವಣೆಯಿಂದ ಹಿಡಿದು ಎಸ್ಸೆಸ್ಸೆಲ್ಸಿ ಪರೀಕ್ಷೆ ನೋಂದಣಿವರೆಗೆ ಅದೇ ಆಧಾರ. ಇದರ ಜೊತೆಗೆ ಕೇಂದ್ರದ ಯುಡೈಸ್ ಪ್ಲಸ್, 12 ಅಂಕಿಯ ಅಪಾರ್ ಐಡಿ, ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್. ಇಲ್ಲಿ ಯಾರೋ ಒಂದು ಅಕ್ಷರ ಬದಲಿಸಿದರೆ ಅದೇ ತಪ್ಪು ಮುಂದೆ ಅಂಕಪಟ್ಟಿಗೂ ಹೋಗಿ ಕೂರಬಹುದು. ಆಮೇಲೆ ತಿದ್ದುಪಡಿಗೆ ಕಚೇರಿ ಅಲೆಯೋರು ಪೋಷಕರೇ.

ತೂತು ಬಿದ್ದಿರೋದು ಎಲ್ಲಿ?

ಹ್ಯಾಕರ್ ಅಂದ್ರೆ ಎಲ್ಲೋ ವಿದೇಶದಲ್ಲಿ ಕೂತವನು ಅಂತ ಅಂದ್ಕೊಂಡಿದ್ದೀವಿ. ನಮ್ಮ ಕಡೆ ಸಮಸ್ಯೆ ಇನ್ನೂ ಹತ್ತಿರದ್ದು. ಹಳ್ಳಿ ಶಾಲೆಗಳಲ್ಲಿ ಕರೆಂಟ್ ಇದ್ದಾಗ ನೆಟ್ ಇರಲ್ಲ, ನೆಟ್ ಇದ್ದಾಗ ಸರ್ವರ್ ಬ್ಯುಸಿ. ಬಹಳಷ್ಟು ಕಡೆ ಗುಮಾಸ್ತರೂ ಇಲ್ಲ, ಪಾಠ ಮಾಡೋರೇ ಡೇಟಾ ಎಂಟ್ರಿನೂ ಮಾಡ್ಬೇಕು. ಕೊನೆ ದಿನಾಂಕ ಹತ್ತಿರ ಬಂದಾಗ ಯೂಸರ್ ಐಡಿ, ಪಾಸ್‌ವರ್ಡ್ ಚೀಟಿಯಲ್ಲಿ ಬರೆದು ಪೇಟೆಯ ಆನ್‌ಲೈನ್ ಸೆಂಟರ್‌ಗೆ ಕೊಡೋದು, ಒಟಿಪಿ ಬಂದ್ರೆ ಫೋನಲ್ಲೇ ಹೇಳೋದು ನಡೆದುಬಂದ ರೂಢಿ.

ಇದರಲ್ಲಿ ಯಾರದ್ದೂ ಕೆಟ್ಟ ಉದ್ದೇಶ ಇರಲ್ಲ. ಆದರೆ ಕೆಲಸ ಮುಗಿದ ಮೇಲೂ ಪಾಸ್‌ವರ್ಡ್ ಅಂಗಡಿಯ ಬ್ರೌಸರ್‌ನಲ್ಲಿ ಸೇವ್ ಆಗಿರುತ್ತೆ. ಮಕ್ಕಳ ಆಧಾರ್ ಪಿಡಿಎಫ್ ಡೌನ್‌ಲೋಡ್ ಫೋಲ್ಡರ್‌ನಲ್ಲಿ ಉಳಿದಿರುತ್ತೆ. ಪ್ರಶ್ನೆಪತ್ರಿಕೆ ಪ್ರಿಂಟ್ ಮಾಡಿಸಲು ತೆರೆದ ವಾಟ್ಸಾಪ್ ವೆಬ್ ಹಾಗೇ ಓಪನ್ ಇರುತ್ತೆ. ಸಂಜೆ ಅದೇ ಕಂಪ್ಯೂಟರ್ ಮುಂದೆ ಯಾರು ಬೇಕಾದರೂ ಕೂರ್ತಾರೆ.

ಒಂದೇ ಲಾಗಿನ್ ಸಾಕು

ಒಂದು ಲಾಗಿನ್ ಕಳೆದರೆ ಏನಾಗುತ್ತೆ ಅನ್ನೋದಕ್ಕೆ ಅಮೆರಿಕದ ಪವರ್‌ಸ್ಕೂಲ್ ಪ್ರಕರಣ ನೋಡಿ. ಶಾಲೆಗಳಿಗೆ ಸಾಫ್ಟ್‌ವೇರ್ ಕೊಡುವ ಕಂಪನಿ ಅದು. 2024ರ ಡಿಸೆಂಬರ್‌ನಲ್ಲಿ ಕದ್ದ ಲಾಗಿನ್ ಒಂದನ್ನು ಬಳಸಿ ಒಳನುಗ್ಗಿದವನು 6 ಕೋಟಿಗೂ ಹೆಚ್ಚು ವಿದ್ಯಾರ್ಥಿಗಳ ಮಾಹಿತಿ ದೋಚಿದ ಅಂತ ಅಲ್ಲಿನ ಸರ್ಕಾರಿ ವಕೀಲರು ಕೋರ್ಟಿಗೆ ತಿಳಿಸಿದರು. ಸಿಕ್ಕಿಬಿದ್ದವನು 19 ವರ್ಷದ ಕಾಲೇಜು ಹುಡುಗ. ಕಂಪನಿ ಹಣ ಕೊಟ್ಟ ಮೇಲೂ, 2025ರ ಮೇ ತಿಂಗಳಲ್ಲಿ ಶಾಲೆಗಳಿಗೆ ಮತ್ತೆ ಬೆದರಿಕೆ ಬಂತು.

ನಮ್ಮ ದೇಶದ್ದೂ ಉದಾಹರಣೆ ಇದೆ. ಕೋವಿಡ್ ವೇಳೆ ಮಕ್ಕಳು, ಶಿಕ್ಷಕರು ಬಳಸಿದ ಕೇಂದ್ರ ಸರ್ಕಾರದ ದೀಕ್ಷಾ ಆ್ಯಪ್‌ನ ಮಾಹಿತಿ ಸರಿಯಾದ ರಕ್ಷಣೆ ಇಲ್ಲದ ಸರ್ವರ್‌ನಲ್ಲಿ ತೆರೆದೇ ಇತ್ತು ಅಂತ 2023ರ ಜನವರಿಯಲ್ಲಿ ವರದಿಯಾಯಿತು. 10 ಲಕ್ಷಕ್ಕೂ ಹೆಚ್ಚು ಶಿಕ್ಷಕರ ಹೆಸರು, ಫೋನ್ ನಂಬರ್, ಇಮೇಲ್ ಜೊತೆಗೆ ಸುಮಾರು 6 ಲಕ್ಷ ಮಕ್ಕಳ ವಿವರವೂ ಅದರಲ್ಲಿತ್ತು.

ಪೋಷಕರ ಜೇಬಿಗೆ ಕತ್ತರಿ ಹೇಗೆ?

‘ನಿಮ್ಮ ಮಗಳಿಗೆ ಸ್ಕಾಲರ್‌ಶಿಪ್ ಬಂದಿದೆ’ ಅಂತ ಕರೆ ಬರುತ್ತೆ. ಮಗಳ ಹೆಸರು, ಶಾಲೆ, ತರಗತಿ ಎಲ್ಲಾ ಸರಿಯಾಗಿ ಹೇಳ್ತಾರೆ. ಇಷ್ಟು ಗೊತ್ತಿದ್ದೋರು ಇಲಾಖೆಯವರೇ ಇರಬೇಕು ಅಂತ ನಂಬ್ತೀವಿ. ಆಮೇಲೆ ಕ್ಯೂಆರ್ ಕೋಡ್ ಕಳಿಸಿ ಪಿನ್ ಹಾಕಿ ಅಂತಾರೆ. ನೆನಪಿರಲಿ: ಫೋನ್‌ಪೇ, ಗೂಗಲ್ ಪೇ ಯಾವುದೇ ಇರಲಿ, ಯುಪಿಐ ಪಿನ್ ಒತ್ತೋದು ಹಣ ಕಳಿಸೋಕೆ. ಹಣ ಬರೋಕೆ ಪಿನ್ ಬೇಕಾಗಲ್ಲ. ಅಂಗಡಿಯವರಿಗೆ ಇದು ಗೊತ್ತಿದೆ. ಮನೆಯಲ್ಲಿರೋ ಹಿರಿಯರಿಗೂ ಹೇಳಿ.

ಶಾಲೆಯವರು ಏನು ಮಾಡ್ಬೇಕು?

* ಹೊರಗೆ ಎಂಟ್ರಿ ಮಾಡಿಸಲೇಬೇಕಾದರೆ ಶಿಕ್ಷಕರೇ ಮುಂದೆ ಕೂತು ಲಾಗಿನ್ ಮಾಡಿ, ಮುಗಿದ ಮೇಲೆ ಲಾಗ್ ಔಟ್ ಮಾಡಿ. ಪಾಸ್‌ವರ್ಡ್ ಈಗಾಗಲೇ ಹೊರಗೆ ಕೊಟ್ಟಿದ್ದರೆ ಇವತ್ತೇ ಬದಲಿಸಿ. ಶಾಲೆ ಹೆಸರು, 12345 ಇಡಬೇಡಿ.
* ಹೆಡ್ ಮಾಸ್ಟರ್ ವರ್ಗಾವಣೆ ಆದಾಗ ಚಾರ್ಜ್ ಪಟ್ಟಿಯಲ್ಲಿ ಬೀಗದ ಕೈ ಜೊತೆ ಲಾಗಿನ್, ನೋಂದಾಯಿತ ಮೊಬೈಲ್ ನಂಬರ್ ಬದಲಾವಣೆಯನ್ನೂ ಸೇರಿಸಿ.
* ಆಫೀಸ್ ಕಂಪ್ಯೂಟರ್ ಬೇರೆ, ಮಕ್ಕಳ ಲ್ಯಾಬ್ ಬೇರೆ ಇರಲಿ. ವಿಂಡೋಸ್ 7ಕ್ಕೆ ಉಚಿತ ಭದ್ರತಾ ಅಪ್‌ಡೇಟ್ 2020ರ ಜನವರಿಯಲ್ಲೇ ನಿಂತಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೇ ಮಷಿನ್‌ಗೆ ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಸಬಹುದು.
* ಪೆನ್‌ಡ್ರೈವ್ ಹಾಕಿದ ಕೂಡಲೇ ಸ್ಕ್ಯಾನ್ ಮಾಡಿ. ಫೋಲ್ಡರ್‌ಗಳೆಲ್ಲಾ ಶಾರ್ಟ್‌ಕಟ್ ಆಗಿ ಕಂಡರೆ ಅದು ವೈರಸ್ ಇರಬಹುದು, ಕ್ಲಿಕ್ ಮಾಡಬೇಡಿ.
* ಅಂಕ, ದಾಖಲಾತಿ ಫೈಲ್‌ಗಳ ಒಂದು ಪ್ರತಿಯನ್ನು ಹಾರ್ಡ್ ಡಿಸ್ಕ್‌ನಲ್ಲಿ ಹಾಕಿ ಬೀರುವಿನಲ್ಲಿಡಿ. ಮಷಿನ್ ಕೈಕೊಟ್ಟರೂ ದಾಖಲೆ ಉಳಿಯುತ್ತೆ.

ಅಂಗಡಿಯವರು ಏನು ಮಾಡ್ಬೇಕು?

ಬ್ರೌಸರ್ ‘ಪಾಸ್‌ವರ್ಡ್ ಸೇವ್ ಮಾಡಲೇ’ ಅಂತ ಕೇಳಿದಾಗ ಬೇಡ ಅನ್ನಿ. ರಾತ್ರಿ ಶಟರ್ ಎಳೆಯೋ ಮುಂಚೆ ಡೌನ್‌ಲೋಡ್ ಫೋಲ್ಡರ್ ಮತ್ತು ರಿಸೈಕಲ್ ಬಿನ್ ಖಾಲಿ ಮಾಡಿ. ವಾಟ್ಸಾಪ್ ವೆಬ್ ಲಾಗ್ ಔಟ್ ಮಾಡಿ. ಸರಿ ಬಾರದ ಆಧಾರ್ ಝೆರಾಕ್ಸ್ ಹಾಳೆಗಳನ್ನು ಹರಿದು ಹಾಕಿ, ಮಿರ್ಚಿ-ಮಂಡಕ್ಕಿ ಕಟ್ಟೋಕೆ ಹೋಗೋದು ಬೇಡ. ನಾಳೆ ಏನಾದರೂ ಆದರೆ ಪೊಲೀಸರು ಮೊದಲು ಕೇಳೋದು ಯಾವ ಕಂಪ್ಯೂಟರ್‌ನಿಂದ ಲಾಗಿನ್ ಆಗಿತ್ತು ಅಂತ. ನಿಮ್ಮ ಅಂಗಡಿ ಹೆಸರು ಉಳಿಸೋಕೂ ಇದು ಬೇಕು.

ಪೋಷಕರು?

ಎಲ್ಲೆಲ್ಲಿ ನಡೆಯುತ್ತೋ ಅಲ್ಲಿ ಕೊನೆ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಮಕ್ಕಳ ದಾಖಲೆಯನ್ನು ತರಗತಿಯ ವಾಟ್ಸಾಪ್ ಗ್ರೂಪ್‌ಗೆ ಹಾಕಬೇಡಿ, ನೇರವಾಗಿ ಶಿಕ್ಷಕರಿಗೆ ಕೊಡಿ. ‘ನಮ್ಮ ಮಗುವಿನ ಮಾಹಿತಿ ಎಲ್ಲಿಡ್ತೀರಿ ಸರ್?’ ಅಂತ ಎಸ್‌ಡಿಎಂಸಿ ಸಭೆಯಲ್ಲಿ ಕೇಳಿ. ಹಾಗೆ ಕೇಳೋದು ತಪ್ಪಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ವಿಶೇಷ ರಕ್ಷಣೆ ಕೊಟ್ಟಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತ ಹಂತವಾಗಿ ಜಾರಿಗೆ ಬರ್ತಿವೆ.

ಮೋಸ ಆದರೆ

ಹಣ ಹೋದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ಕರೆ ಮಾಡ್ತೀರೋ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. ಸೈಬರ್‌ಕ್ರೈಂ ಡಾಟ್ ಗವ್ ಡಾಟ್ ಇನ್ ಜಾಲತಾಣದಲ್ಲಿ ಅಥವಾ ರಾಯಚೂರಿನ ಸಿಇಎನ್ ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು. ಶಾಲೆಯ ಲಾಗಿನ್ ದುರ್ಬಳಕೆ ಆದ ಅನುಮಾನ ಬಂದರೆ ಪಾಸ್‌ವರ್ಡ್ ಬದಲಿಸಿ, ಬಿಇಒ ಕಚೇರಿಗೆ ಲಿಖಿತವಾಗಿ ತಿಳಿಸಿ. ಮುಚ್ಚಿಟ್ಟರೆ ನಷ್ಟ ಮಕ್ಕಳಿಗೇ.

ಪಾಸ್‌ವರ್ಡ್ ಬದಲಿಸೋಕೆ ಅನುದಾನ ಬೇಕಿಲ್ಲ, ಟೆಂಡರ್ ಬೇಕಿಲ್ಲ. ಐದು ನಿಮಿಷ ಸಾಕು. ನಿಮ್ಮ ಊರಿನ ಶಾಲೆಯಲ್ಲಿ ಇವತ್ತು ಆ ಕೆಲಸ ಆಯ್ತಾ ಅಂತ ಒಮ್ಮೆ ಕೇಳಿ ನೋಡಿ.