ಆಟ ಮುಗಿಯಿತು, ಮನೆಗೆ ಗಾಡಿ ಎಲ್ಲಿ?

ಪುಣೆಯಿಂದ ಲೋಣಾವಳೆಗೆ ಹೋಗುವ ಲೋಕಲ್ ಗಾಡಿಯಲ್ಲಿ ನಿತ್ಯ ಓಡಾಡುವ ನಮ್ಮ ವಾಚಕರಿಗೆ ದೇಹೂರೋಡ್, ಬೇಗಡೇವಾಡಿ, ಘೋರಾವಾಡಿ, ತಳೇಗಾಂವ ಎಂಬ ಹೆಸರುಗಳು ಬಾಯಿಪಾಠವಾಗಿವೆ. ಬೆಳಗಿನ ಪಾಳಿಗೆ ಹೊರಟ ಹೋಟೆಲು ಮಾಣಿ, ಊಟದ ಡಬ್ಬಿ ಹಿಡಿದ ಗುಮಾಸ್ತ, ಕಾರಖಾನೆಯ ಕೆಲಸಗಾರ, ಪುಸ್ತಕದ ಚೀಲ ಹೊತ್ತ ವಿದ್ಯಾರ್ಥಿ, ಇವರದು ಈ ಗಾಡಿ. ಆದರೆ ವರ್ಷದಲ್ಲಿ ಕೆಲವೇ ದಿನಗಳಂದು ಮಧ್ಯಾಹ್ನದ ಮೇಲೆ ಇದರ ಮುಖವೇ ಬದಲಾಗುತ್ತದೆ. ನೀಲಿ ಅಂಗಿ, ಹಳದಿ ಅಂಗಿ, ಕೆನ್ನೆಗೆ ಬಳಿದ ಬಣ್ಣ, ಬಾಗಿಲಲ್ಲಿ ನೇತಾಡುವ ಬಾವುಟ ಇವುಗಳಿಂದ ಡಬ್ಬಗಳು ತುಂಬಿಹೋಗುತ್ತವೆ. ಗಹುಂಜೆಯಲ್ಲಿ ಕ್ರಿಕೆಟ್ ಪಂದ್ಯವಿದೆ ಎಂದು ತಿಳಿಯಲು ಆ ದಿನ ಪತ್ರಿಕೆ ಓದಬೇಕಾಗಿಲ್ಲ.

ಗಹುಂಜೆಯು ನಮ್ಮ ತಳೇಗಾಂವ ದಾಭಾಡೆ ಇರುವ ಮಾವಳ ತಾಲೂಕಿನದೇ ಹಳ್ಳಿ. ಮಹಾರಾಷ್ಟ್ರ ಕ್ರಿಕೆಟ್ ಸಂಘದ ಕ್ರೀಡಾಂಗಣವು ಅಲ್ಲಿ 2012ರ ಏಪ್ರಿಲ್ 1ರಂದು ಉದ್ಘಾಟನೆಗೊಂಡಿತು. ಅದಕ್ಕೆ ಮೊದಲು ಪುಣೆಯ ದೊಡ್ಡ ಪಂದ್ಯಗಳೆಲ್ಲ ಸ್ವಾರಗೇಟಿನ ಬಳಿಯ ನೆಹರೂ ಕ್ರೀಡಾಂಗಣದಲ್ಲಿ ನಡೆಯುತ್ತಿದ್ದವು. 1996ರ ವಿಶ್ವಕಪ್ಪಿನಲ್ಲಿ ಕೇನ್ಯಾದ ಹುಡುಗರು ಬಲಾಢ್ಯ ವೆಸ್ಟ್ ಇಂಡೀಸನ್ನು 73 ರನ್ನುಗಳಿಂದ ಸೋಲಿಸಿ ಲೋಕವನ್ನೇ ಬೆರಗುಗೊಳಿಸಿದ್ದು ಅಲ್ಲಿಯೇ. ಅದು ಊರ ನಡುವಿನ ಮೈದಾನ. ಆಟ ಮುಗಿದೊಡನೆ ಬಸ್ ನಿಲ್ದಾಣಕ್ಕೆ ನಡೆದು ಹೋಗಬಹುದಿತ್ತು. ಹೊಸದಾದರೋ ಮುಂಬಯಿ-ಪುಣೆ ವೇಗದ ಹೆದ್ದಾರಿಯ ಮಗ್ಗುಲಿನಲ್ಲಿದೆ. ಅಂದವಾದ ಕಟ್ಟಡ, ಸುತ್ತ ಗುಡ್ಡ, ಬೀಸುವ ಗಾಳಿ. ನೋಡಿದರೆ ಕಣ್ಣು ತಣಿಯುತ್ತದೆ. ಆದರೆ ಅದರ ಬಾಗಿಲು ಮೋಟಾರುಳ್ಳವನ ಕಡೆಗೆ ಮುಖ ಮಾಡಿದೆ. ರೈಲಿನಲ್ಲಿ ಬರುವ ಬಡವನು ದೇಹೂರೋಡಿನಲ್ಲೋ ಬೇಗಡೇವಾಡಿಯಲ್ಲೋ ಇಳಿದು, ಅಲ್ಲಿಂದ ಕೆಲವು ಕಿಲೋಮೀಟರುಗಳನ್ನು ರಿಕ್ಷಾ ಹಿಡಿದೋ ಕಾಲ್ನಡಿಗೆಯಿಂದಲೋ ಕ್ರಮಿಸಬೇಕು. ಮುಂಬಯಿಯ ವಾನಖೇಡೆ ಕ್ರೀಡಾಂಗಣಕ್ಕೆ ಚರ್ಚ್‌ಗೇಟ್ ನಿಲ್ದಾಣವು ಇದ್ದ ಹಾಗೆ ಗಹುಂಜೆಗೆ ಯಾವ ನಿಲ್ದಾಣವೂ ಇಲ್ಲ.

ಹೋಗುವಾಗ ಇದೊಂದು ಕಷ್ಟವೆಂದು ತೋರುವುದಿಲ್ಲ. ಹಗಲ ಬೆಳಕು, ಗೆಳೆಯರ ಸಂಗಡ, ಮುಂದೆ ಆಟ. ಕಷ್ಟವಿರುವುದು ಹಿಂತಿರುಗುವಾಗ. ರಾತ್ರಿಯ ಪಂದ್ಯ ಮುಗಿಯುವ ಹೊತ್ತಿಗೆ ಗಂಟೆ ಹನ್ನೊಂದು ದಾಟಿರುತ್ತದೆ. ಲೋಕಲ್ ಗಾಡಿಗಳ ದಿನವೂ ಮುಗಿಯುತ್ತ ಬಂದಿರುತ್ತದೆ.

2018ರ ಏಪ್ರಿಲ್ ತಿಂಗಳ ಮಾತು. ಆಗ ನಾನಿನ್ನೂ ತಳೇಗಾಂವದಲ್ಲಿ ಹೋಟೆಲು ನಡೆಸುತ್ತಿದ್ದೆ. ಲೇಖನಿ ಕೈಗೆ ಬಂದಿರಲಿಲ್ಲ. ಕಾವೇರಿ ನೀರಿನ ವಿವಾದದಿಂದ ಚೆನ್ನೈಯಲ್ಲಿ ಪ್ರತಿಭಟನೆಗಳು ಎದ್ದು, ಏಪ್ರಿಲ್ 10ರಂದು ಅಲ್ಲಿ ಒಂದು ಪಂದ್ಯ ಬಿಗಿ ಕಾವಲಿನಲ್ಲಿ ನಡೆದ ಬಳಿಕ, ಚೆನ್ನೈ ಸೂಪರ್ ಕಿಂಗ್ಸ್ ತಂಡದ ಉಳಿದ ಆರು ತವರು ಪಂದ್ಯಗಳನ್ನು ಗಹುಂಜೆಗೆ ವರ್ಗಾಯಿಸಿದರು. ಕಾವೇರಿಯ ವಿಚಾರದಲ್ಲಿ ಕನ್ನಡಿಗರಾದ ನಮ್ಮ ಮನಸ್ಸು ಏನೆಂಬುದು ಎಲ್ಲರಿಗೂ ಗೊತ್ತು. ಅದನ್ನು ಇಲ್ಲಿ ಬಿಚ್ಚಬೇಕಾಗಿಲ್ಲ. ತಮ್ಮದಲ್ಲದ ತಪ್ಪಿಗೆ ತಂಡವನ್ನು ಕಳೆದುಕೊಂಡ ಚೆನ್ನೈಯ ಸಾಮಾನ್ಯ ಪ್ರೇಕ್ಷಕರ ಗತಿಯೇನು ಎಂಬುದೇ ನನ್ನ ಪ್ರಶ್ನೆಯಾಗಿತ್ತು. ಅದಕ್ಕೆ ಉತ್ತರ ಹಳಿಯ ಮೇಲೆ ಬಂದಿತು. ತಂಡದವರೇ ಒಂದು ರೈಲನ್ನು ಗೊತ್ತುಮಾಡಿ ಸುಮಾರು 1,000 ಅಭಿಮಾನಿಗಳನ್ನು ಏಪ್ರಿಲ್ 19ರಂದು ಚೆನ್ನೈಯಿಂದ ಹೊರಡಿಸಿ ಪುಣೆಗೆ ಕರೆತಂದರು. ಶಿಳ್ಳೆ ಹೊಡೆಯಿರಿ ಎಂಬ ತಮ್ಮ ತಮಿಳು ಘೋಷಣೆಯಿಂದಲೇ ಗಾಡಿಗೆ 'ವಿಸಿಲ್ ಪೋಡು ಎಕ್ಸ್‌ಪ್ರೆಸ್' ಎಂಬ ಹೆಸರಿಟ್ಟರು.

ಏಪ್ರಿಲ್ 20ರ ಆ ಪಂದ್ಯಕ್ಕೆ ನಮ್ಮ ಹೋಟೆಲಿನಲ್ಲಿ ಎಲ್ಲರಿಗೂ ಹೋಗುವ ಆಸೆ. ಎಲ್ಲರೂ ಹೋದರೆ ದೋಸೆಯ ಕಲ್ಲು ಕಾಯುವವರು ಯಾರು? ಚೀಟಿ ಎತ್ತಿದೆವು. ಕುಂದಾಪುರದ ಕಡೆಯ ಒಬ್ಬ ಮಾಣಿಗೆ ಅದೃಷ್ಟ ಒಲಿಯಿತು. ನಾನೂ ಅವನೂ, ಚಿಂಚವಡದಲ್ಲಿ ಗುಮಾಸ್ತನಾಗಿದ್ದ ಮಿತ್ರರೊಬ್ಬರೂ ಸೇರಿ ಮೂವರು ಹೋದೆವು. ಶೇನ್ ವಾಟ್ಸನ್ 57 ಚೆಂಡುಗಳಲ್ಲಿ 106 ರನ್ನು ಹೊಡೆದದ್ದನ್ನು ಕಣ್ಣಾರೆ ಕಂಡೆವು. ಚೆನ್ನೈ ತಂಡ 204 ರನ್ನು ಗಳಿಸಿತು. ರಾಜಸ್ಥಾನದವರು ಆಡತೊಡಗಿದ ಮೇಲೆ ಮಾತ್ರ ನಮ್ಮ ಗುಮಾಸ್ತ ಮಿತ್ರರು ಆಟವನ್ನು ಬಿಟ್ಟು ಗಡಿಯಾರವನ್ನೇ ನೋಡತೊಡಗಿದರು. ಮರುದಿನ ಬೆಳಗ್ಗೆ ಅವರು ಕಚೇರಿಯಲ್ಲಿರಬೇಕು; ನಮ್ಮ ಮಾಣಿ ಐದು ಗಂಟೆಗೆ ಒಲೆಯ ಮುಂದಿರಬೇಕು.

"ಧಣಿಗಳೇ, ಈಗ ಏಳದಿದ್ದರೆ ಗಾಡಿ ಸಿಗಲಿಕ್ಕಿಲ್ಲ," ಎಂದ ಆ ಹುಡುಗ. ಕಣ್ಣು ಮಾತ್ರ ಮೈದಾನದಲ್ಲೇ ಇತ್ತು.

ಎದ್ದೆವು. ಕತ್ತಲೆಯ ರಸ್ತೆಯಲ್ಲಿ ಬಿರಬಿರನೆ ನಡೆಯುತ್ತಿರುವಾಗ ಹಿಂದಿನಿಂದ ಕೇಕೆ ಕೇಳಿಸಿತು. ವಿಕೆಟ್ ಬಿದ್ದಿರಬೇಕು; ಯಾರದೆಂದು ತಿಳಿಯದು. ಚೆನ್ನೈ ತಂಡ 64 ರನ್ನುಗಳಿಂದ ಗೆದ್ದ ಸುದ್ದಿ ನಮಗೆ ತಿಳಿದದ್ದು ಪ್ಲಾಟ್‌ಫಾರ್ಮಿನಲ್ಲಿ, ಅಪರಿಚಿತನೊಬ್ಬನ ಮೊಬೈಲಿನಿಂದ. ಪೂರ್ಣ ಟಿಕೆಟ್ಟಿನ ಹಣ ಕೊಟ್ಟು ಮುಕ್ಕಾಲು ಆಟ ನೋಡಿ ಬಂದಿದ್ದೆವು. ನೂರಾರು ಹರದಾರಿ ದೂರದಿಂದ ಬಂದವರು ಕೊನೆಯ ಚೆಂಡಿನವರೆಗೂ ನಿಶ್ಚಿಂತರಾಗಿ ಕುಳಿತಿದ್ದರು. ಅವರನ್ನು ಮನೆಗೆ ಮುಟ್ಟಿಸುವ ಗಾಡಿ ಗೊತ್ತಾಗಿತ್ತು. ನೆರೆಯವರಾದ ನಾವು ಗಾಡಿಯ ಭಯದಿಂದ ನಡುವೆಯೇ ಎದ್ದು ಬಂದೆವು. ಅವರ ಭಾಗ್ಯಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಮನಸ್ಸು ಮಾಡಿದರೆ ಏನು ಸಾಧ್ಯವೆಂಬುದನ್ನು ಅವರ ಗಾಡಿ ತೋರಿಸಿಕೊಟ್ಟಿತು.

ರೈಲ್ವೆಯವರ ಕಷ್ಟವನ್ನೂ ಹೇಳದಿದ್ದರೆ ನ್ಯಾಯವಾಗದು. ಖಂಡಾಳೆಯಿಂದ ಪುಣೆಯವರೆಗಿನ ಈ ಮಾರ್ಗವು 1858ರಲ್ಲಿ ತೆರೆದದ್ದು. ಲೋಕಲ್ ಗಾಡಿಗಳು ಓಡತೊಡಗಿದ್ದು 1978ರಲ್ಲಿ. ಪುಣೆ-ಲೋಣಾವಳೆ ನಡುವೆ ಹೋಗುವುದಕ್ಕೊಂದು, ಬರುವುದಕ್ಕೊಂದು ಎಂದು ಎರಡೇ ಹಳಿಗಳು. ನಮ್ಮವರನ್ನು ಬೆಂಗಳೂರಿಗೆ ಒಯ್ಯುವ ಉದ್ಯಾನ ಎಕ್ಸ್‌ಪ್ರೆಸ್ ಸಹಿತ ದಕ್ಷಿಣದ ದೂರದ ಗಾಡಿಗಳು, ಮುಂಬಯಿಯ ಗಾಡಿಗಳು, ಸಾಮಾನಿನ ಗಾಡಿಗಳು ಎಲ್ಲಕ್ಕೂ ಅದೇ ದಾರಿ. ಮುಂಬಯಿಯಲ್ಲಿ ಒಂದು ಲೋಕಲ್ ತಪ್ಪಿದರೆ ಕೆಲವೇ ನಿಮಿಷಗಳಲ್ಲಿ ಇನ್ನೊಂದು ಬರುವ ಹಾಗೆ ಇಲ್ಲಿ ಬಾರದಿರುವುದಕ್ಕೆ ಇದೇ ಕಾರಣ. ಆದರೆ ನಾವು ಬೇಡುವುದು ದಿನವೂ ಹತ್ತು ಗಾಡಿಗಳನ್ನಲ್ಲ. ಪಂದ್ಯದ ದಿನಾಂಕ ಎಷ್ಟೋ ಮುಂಚೆಯೇ ಗೊತ್ತಿರುತ್ತದೆ. ಆ ಕೆಲವೇ ರಾತ್ರಿಗಳಲ್ಲಿ ಪುಣೆಯ ಕಡೆಗೆ ಒಂದು, ಲೋಣಾವಳೆಯ ಕಡೆಗೆ ಒಂದು ತಡರಾತ್ರಿಯ ಗಾಡಿ, ಕ್ರೀಡಾಂಗಣದಿಂದ ನಿಲ್ದಾಣದವರೆಗೆ ನಾಲ್ಕಾರು ಬಸ್ಸುಗಳು. ಇಷ್ಟೇ. 2023ರ ವಿಶ್ವಕಪ್ಪಿನಲ್ಲಿ ಐದು ಪಂದ್ಯಗಳು ಇಲ್ಲಿ ನಡೆದವು. ಅದು ಸಹ ಐದೇ ದಿನಗಳ ಲೆಕ್ಕ.

ಇದು ಅಸಾಧ್ಯವಾದ ಬೇಡಿಕೆಯೂ ಅಲ್ಲ. ನಮ್ಮ ಬೆಂಗಳೂರಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ರಾತ್ರಿಯ ಪಂದ್ಯಗಳಿದ್ದಾಗ ನಮ್ಮ ಮೆಟ್ರೋದವರು ಕೊನೆಯ ಗಾಡಿಯ ವೇಳೆಯನ್ನು ಮುಂದಕ್ಕೆ ಹಾಕಿ, ಹಿಂತಿರುಗುವ ಟಿಕೆಟ್ಟನ್ನು ಮೊದಲೇ ಮಾರುವ ಪದ್ಧತಿಯನ್ನು ನಡೆಸಿಕೊಂಡು ಬಂದಿದ್ದಾರೆ. ಫುಟ್‌ಬಾಲಿನ ಹುಚ್ಚಿರುವ ಜರ್ಮನಿಯಲ್ಲಂತೂ ಅನೇಕ ಕ್ಲಬ್ಬುಗಳ ಪಂದ್ಯದ ಟಿಕೆಟ್ಟೇ ಆ ದಿನದ ಊರೊಳಗಿನ ರೈಲು-ಬಸ್ಸುಗಳ ಟಿಕೆಟ್ಟೂ ಆಗಿರುತ್ತದೆ. 2024ರಲ್ಲಿ ಅಲ್ಲಿ ಯುರೋಪ್ ಖಂಡದ ಫುಟ್‌ಬಾಲ್ ಪಂದ್ಯಾವಳಿ ನಡೆದಾಗ ಟಿಕೆಟ್ಟುಳ್ಳವರಿಗೆ 36 ತಾಸುಗಳ ಸ್ಥಳೀಯ ಪ್ರಯಾಣವು ಅದರಲ್ಲೇ ಸೇರಿತ್ತು. ಆಟಕ್ಕೆ ಕರೆದವನೇ ಮನೆಗೆ ಕಳುಹಿಸುವ ಹೊಣೆಯನ್ನೂ ಹೊರಬೇಕೆಂಬುದು ಅದರ ತಾತ್ಪರ್ಯ. ಮದುವೆಗೆ ಕರೆದ ಮನೆಯವರು ನೆಂಟರ ವಾಪಸು ಪ್ರಯಾಣವನ್ನು ವಿಚಾರಿಸುವುದು ನಮ್ಮಲ್ಲಿಯೂ ಹಳೆಯ ಮರ್ಯಾದೆಯಲ್ಲವೇ?

ಜನಸಂದಣಿಯ ಬರುಹೋಗುಗಳನ್ನು ಅಲಕ್ಷಿಸಿದರೆ ಆಗುವ ಕೇಡು ಎಂಥದೆಂಬುದನ್ನು 2025ರ ಜೂನ್ 4ರಂದು ಅದೇ ಬೆಂಗಳೂರು ಕಂಡಿತು. ತಂಡದ ಗೆಲವಿನ ಉತ್ಸವಕ್ಕೆಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ನೆರೆದ ಜನರ ನೂಕುನುಗ್ಗಲಿನಲ್ಲಿ 11 ಜೀವಗಳು ಹೋದವು. ಸಂತೋಷಪಡಲು ಹೊರಟವರು ಮನೆಗೆ ಮರಳಲಿಲ್ಲ. ಎಷ್ಟು ಜನ ಬರುತ್ತಾರೆ, ಯಾವ ದಾರಿಯಿಂದ ಹೋಗುತ್ತಾರೆ ಎಂಬ ಲೆಕ್ಕವು ಪ್ರಾಣಗಳ ಲೆಕ್ಕವೆಂಬುದನ್ನು ನಾವು ಮರೆಯಲಾಗದು.

ಏರ್ಪಾಡು ಆಗುವವರೆಗೆ ನಮ್ಮ ಬಂಧುಗಳಿಗೆ ಎರಡು ಮಾತು. ಪಂದ್ಯಕ್ಕೆ ಹೋಗುವವರು ಆ ದಿನದ ಕೊನೆಯ ಲೋಕಲಿನ ವೇಳೆಯನ್ನು ಹೊರಡುವ ಮುನ್ನವೇ ವಿಚಾರಿಸಿಕೊಳ್ಳಿರಿ. ಹಿಂತಿರುಗುವ ಟಿಕೆಟ್ಟನ್ನು ಬರುವಾಗಲೇ ಕೊಳ್ಳಿರಿ. ನಾಲ್ಕೈದು ಜನ ಕೂಡಿ ಹೋದರೆ ರಾತ್ರಿ ರಿಕ್ಷಾದ ಬಾಡಿಗೆಯನ್ನು ಹಂಚಿಕೊಳ್ಳಬಹುದು. ತಡವಾಯಿತೆಂದು ಹಳಿ ದಾಟುವ, ಚಲಿಸುವ ಗಾಡಿಗೆ ಹಾರುವ ಸಾಹಸ ಬೇಡ. ಯಾವ ಪಂದ್ಯವೂ ಅಷ್ಟು ಬೆಲೆಯದಲ್ಲ. ಹೋಟೆಲು ಧಣಿಗಳಿಗೂ ನನ್ನದೊಂದು ಬಿನ್ನಹ. ಪಂದ್ಯದ ದಿನ ವ್ಯಾಪಾರ ಜೋರೆಂಬುದು ನನಗೆ ಗೊತ್ತು. ನಾನೂ ಗಲ್ಲೆಯ ಮೇಲೆ ಕುಳಿತವನೇ. ಆದರೂ ಸರದಿಯಂತೆ ಒಬ್ಬಿಬ್ಬರಿಗೆ ಬಿಡುವು ಕೊಡಿರಿ. ಮರುದಿನ ಅವರು ಒಂದು ತಾಸು ತಡವಾಗಿ ಬಂದರೆ ಮುಖ ಸಿಂಡರಿಸಬೇಡಿರಿ. ವರ್ಷವೆಲ್ಲ ಇನ್ನೊಬ್ಬರ ಎಲೆ ಎತ್ತುವ ಕೈಗಳು ಒಂದು ಸಂಜೆ ಚಪ್ಪಾಳೆ ತಟ್ಟಲಿ.

ನಮ್ಮ ಆ ಮಾಣಿ ಈಗ ಊರಿನಲ್ಲಿದ್ದಾನೆ. ಸ್ವಂತದ ಸಣ್ಣ ಉಪಾಹಾರಗೃಹ ಇಟ್ಟಿದ್ದಾನೆ. ಫೋನು ಮಾಡಿದಾಗಲೆಲ್ಲ ಆ ರಾತ್ರಿಯ ಮಾತು ಬಂದೇ ಬರುತ್ತದೆ. ವಾಟ್ಸನ್ನನ ಹೊಡೆತಗಳನ್ನು ಒಂದೊಂದಾಗಿ ಹೇಳುತ್ತಾನೆ. ಕೊನೆಗೆ ಮಾತ್ರ, "ಕಡೆಯ ವಿಕೆಟ್ಟು ಬಿದ್ದದ್ದನ್ನು ನೋಡಲಿಲ್ಲ, ಧಣಿಗಳೇ," ಎನ್ನುತ್ತಾನೆ. ಇನ್ನು ಮುಂದೆ ಗಹುಂಜೆಗೆ ಹೋಗುವ ಹುಡುಗರಿಗೆ ಈ ಮಾತು ಹೇಳುವ ಪ್ರಸಂಗ ಬಾರದಿರಲಿ ಎಂದು ನಮ್ಮ ಹಾರೈಕೆ.