ತಂತಿ ಹೋಯಿತು, ಕೀ ಎಲ್ಲಿ ಹೋಯಿತು?

ವೈರ್‌ಲೆಸ್ ಕೀಬೋರ್ಡ್ ಕೊಳ್ಳಲು ಹೊರಟವರ ಕಣ್ಣಿಗೆ ಮೊದಲು ಬೀಳುವುದು ಪೆಟ್ಟಿಗೆಯ ಮೇಲಿನ ಅಂಕಿಗಳು. ಬ್ಲೂಟೂತ್‌ನ ಇಷ್ಟನೆಯ ಆವೃತ್ತಿ, ಹತ್ತು ಮೀಟರ್ ದೂರದಿಂದಲೂ ಕೆಲಸ, ಇಷ್ಟು ತಿಂಗಳ ಬ್ಯಾಟರಿ, ಮೂರು ಸಾಧನಗಳಿಗೆ ಜೋಡಣೆ, ಬಣ್ಣ ಬಣ್ಣದ ದೀಪ. ಈ ಪಟ್ಟಿಯಲ್ಲಿ ಹೆಚ್ಚಿನವು ತಂತಿ ಇಲ್ಲದಿರುವುದರ ಬಗೆಗಿನ ಮಾತುಗಳೇ. ಬೆರಳು ದಿನವಿಡೀ ಮುಟ್ಟುವುದು ಮಾತ್ರ ಕೀಗಳನ್ನು, ರೇಡಿಯೊ ಅಲೆಗಳನ್ನಲ್ಲ. ತಂತಿಯಿಲ್ಲದೆ ಸಂಪರ್ಕ ಸಾಧಿಸುವ ಸಮಸ್ಯೆ ಬಹುಮಟ್ಟಿಗೆ ಬಗೆಹರಿದಿದೆ. ಸಾಧಾರಣ ಬೆಲೆಯ ಕೀಬೋರ್ಡ್ ಕೂಡ ಆ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತದೆ. ಕೊಂಡವರು ಪಶ್ಚಾತ್ತಾಪ ಪಡುವುದು ಬೇರೆ ಕಾರಣಕ್ಕೆ: ಯಾವ ಕೀ ಎಷ್ಟು ಅಗಲ ಇದೆ, ಯಾವುದು ಎಲ್ಲಿದೆ, ಯಾವುದು ಇಲ್ಲವೇ ಇಲ್ಲ ಎಂಬುದನ್ನು ನೋಡದೆ ಕೊಂಡದ್ದಕ್ಕೆ. ಕನ್ನಡದಲ್ಲಿ ಬರೆಯುವವರಿಗೆ ಈ ಮಾತು ಇಂಗ್ಲಿಷಿನಲ್ಲಿ ಬರೆಯುವವರಿಗಿಂತ ಹೆಚ್ಚು ಅನ್ವಯಿಸುತ್ತದೆ.

ಮೊದಲು ಒಂದು ಮೂಲ ಸಂಗತಿ. ಕೀಬೋರ್ಡಿಗೆ ಯಾವ ಭಾಷೆಯೂ ಬರುವುದಿಲ್ಲ. ‘ಕೆ’ ಎಂದು ಅಚ್ಚಾಗಿರುವ ಕೀ ಒತ್ತಿದರೆ ಅದು ಕಂಪ್ಯೂಟರಿಗೆ ಕಳಿಸುವುದು ಅಕ್ಷರವನ್ನಲ್ಲ, ಆ ಜಾಗಕ್ಕೆ ಗೊತ್ತುಮಾಡಿದ ಒಂದು ಸಂಖ್ಯೆಯನ್ನು. ಯುಎಸ್‌ಬಿ ಮತ್ತು ಬ್ಲೂಟೂತ್ ಕೀಬೋರ್ಡುಗಳು ಬಳಸುವ ಮಾನಕದಲ್ಲಿ ಆ ಸಂಖ್ಯೆ 14. ಅದನ್ನು ಇಂಗ್ಲಿಷ್ ಅಕ್ಷರವಾಗಿ ತೋರಿಸಬೇಕೋ ‘ಕ’ ಎಂದು ತೋರಿಸಬೇಕೋ ಎಂದು ತೀರ್ಮಾನಿಸುವುದು ವಿಂಡೋಸ್, ಆಂಡ್ರಾಯ್ಡ್ ಅಥವಾ ಐಪ್ಯಾಡಿನೊಳಗಿನ ತಂತ್ರಾಂಶ. ಹಾಗಾಗಿ ‘ಕನ್ನಡ ಕೀಬೋರ್ಡ್’ ಎಂಬ ಹೆಸರಿನ ಯಂತ್ರವನ್ನು ಹುಡುಕಿಕೊಂಡು ಅಲೆಯಬೇಕಾಗಿಲ್ಲ. ಕೀಗಳ ಮೇಲೆ ಕನ್ನಡ ಅಕ್ಷರ ಕಾಣಲೇಬೇಕೆಂದರೆ ಅಂಟಿಸುವ ಸ್ಟಿಕರ್ ಸಾಕು. ಆದರೆ ಇದೇ ಸಂಗತಿಗೆ ಇನ್ನೊಂದು ಮುಖವಿದೆ. ಕೀ ಇರುವ ಕಡೆ ಮಾತ್ರ ಅಕ್ಷರ ಕೂರಬಲ್ಲದು. ಕೀಯನ್ನೇ ತೆಗೆದುಹಾಕಿದರೆ ಅಲ್ಲಿ ಕೂರಬೇಕಿದ್ದ ಅಕ್ಷರಕ್ಕೆ ನೆಲೆಯೇ ಇರುವುದಿಲ್ಲ.

ಕೀಗಳನ್ನು ತೆಗೆಯುತ್ತಾರೆಯೇ ಎಂದರೆ, ತೆಗೆಯದೆ ಬೇರೆ ದಾರಿಯಿಲ್ಲ. ಲೆಕ್ಕ ಹಾಕಿ ನೋಡಿ. ಮೇಜಿನ ಮೇಲಿನ ಮಾಮೂಲು ಕೀಬೋರ್ಡಿನಲ್ಲಿ ಒಂದು ಕೀಯ ನಡುವಿನಿಂದ ಪಕ್ಕದ ಕೀಯ ನಡುವಿಗೆ ಸುಮಾರು 19 ಮಿಲಿಮೀಟರ್ ಅಂತರ. ಅಂಕಿಗಳ ಸಾಲಿನಲ್ಲಿ ಹದಿಮೂರು ಕೀಗಳು, ಜೊತೆಗೆ ಎರಡು ಕೀಯಷ್ಟು ಅಗಲದ ಬ್ಯಾಕ್‌ಸ್ಪೇಸ್: ಒಟ್ಟು ಹದಿನೈದು ಕೀಗಳ ಜಾಗ, ಅಂದರೆ 28 ಸೆಂಟಿಮೀಟರಿಗೂ ಸ್ವಲ್ಪ ಮೇಲೆ. ಹತ್ತು ಇಂಚಿನ ಟ್ಯಾಬಿನ ಉದ್ದದ ಬದಿ ಸುಮಾರು 25 ಸೆಂಟಿಮೀಟರ್. ಟ್ಯಾಬಿನ ಅಳತೆಗೆ ಸರಿಹೊಂದುವ, ಮಡಚಿದರೆ ಅದರ ಮುಚ್ಚಳವೇ ಆಗುವ ಕೀಬೋರ್ಡ್ ಮಾಡಲು ಹೊರಟ ತಯಾರಕನಿಗೆ ಮೂರು ಸೆಂಟಿಮೀಟರ್ ಕಡಿಮೆ ಬೀಳುತ್ತದೆ. ಎಲ್ಲ ಕೀಗಳನ್ನೂ ಒಂದೇ ಸಮ ಕುಗ್ಗಿಸಬಹುದು. ಆಗ ಬೆರಳುಗಳು ಒತ್ತೊತ್ತಾಗಿ, ಪಕ್ಕದ ಕೀಗೆ ತಗಲುವುದು ಹೆಚ್ಚುತ್ತದೆ. ಇಲ್ಲವೇ ಇಂಗ್ಲಿಷ್ ಅಕ್ಷರಗಳ ಇಪ್ಪತ್ತಾರು ಕೀಗಳನ್ನು ಆದಷ್ಟು ಹಾಗೆಯೇ ಉಳಿಸಿಕೊಂಡು ಬಲತುದಿಯ ಚಿಹ್ನೆಗಳ ಕೀಗಳನ್ನು ಅರ್ಧಕ್ಕೆ ಇಳಿಸಬಹುದು, ಕೆಲವನ್ನು ‘ಎಫ್‌ಎನ್’ ಕೀ ಜೊತೆಗೆ ಒತ್ತಿದರೆ ಮಾತ್ರ ಸಿಗುವಂತೆ ಮಾಡಬಹುದು. ಬಹಳ ಮಂದಿ ತಯಾರಕರು ಹಿಡಿಯುವುದು ಈ ಎರಡನೆಯ ದಾರಿ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಇದರಿಂದ ದೊಡ್ಡ ತೊಂದರೆಯಿಲ್ಲ. ಸೆಮಿಕೋಲನ್ನಾಗಲಿ ಚೌಕ ಆವರಣವಾಗಲಿ ಅವರಿಗೆ ಬೇಕಾಗುವುದು ಅಪರೂಪಕ್ಕೆ.

ಕನ್ನಡದ ಕಥೆ ಬೇರೆ. 1991ರ ಭಾರತೀಯ ಮಾನಕ ಐಎಸ್ 13194ರಲ್ಲಿ ಸೇರಿರುವ ಇನ್‌ಸ್ಕ್ರಿಪ್ಟ್ ವಿನ್ಯಾಸವನ್ನು ತೆಗೆದುಕೊಳ್ಳಿ. ವಿಂಡೋಸ್‌ನಲ್ಲಿ ಬೇರೇನೂ ಹಾಕಿಕೊಳ್ಳದೆ ಸಿಗುವ ಕನ್ನಡ ವಿನ್ಯಾಸಗಳಲ್ಲಿ ಇದೂ ಒಂದು. ಇದರಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ನಮ್ಮ ವರ್ಣಮಾಲೆ ದೊಡ್ಡದಾದ್ದರಿಂದ ವ್ಯಂಜನಗಳು ಇಂಗ್ಲಿಷ್ ಅಕ್ಷರಗಳ ಗಡಿ ದಾಟಿ ಬಲತುದಿಯ ಚಿಹ್ನೆಗಳ ಕೀಗಳಿಗೂ ಹಬ್ಬುತ್ತವೆ. ಸೆಮಿಕೋಲನ್ ಕೀಯಲ್ಲಿ ‘ಚ’ ಇದೆ, ಅದರ ಪಕ್ಕದ ಉದ್ಧರಣ ಚಿಹ್ನೆಯ ಕೀಯಲ್ಲಿ ‘ಟ’, ಮೇಲಿನ ಸಾಲಿನ ಎಡ ಚೌಕ ಆವರಣದಲ್ಲಿ ‘ಡ’, ಕೆಳಸಾಲಿನ ಓರೆಗೆರೆಯಲ್ಲಿ ‘ಯ’. ಎಡತುದಿಯಲ್ಲಿ, ಅಂಕಿ ಒಂದರ ಪಕ್ಕದ ಕೀಯಲ್ಲಿ ಒತ್ವದ ಚಿಹ್ನೆ ‘ೊ’. ಅರವತ್ತೊಂದು ಕೀಗಳ ಪುಟ್ಟ ಕೀಬೋರ್ಡುಗಳಲ್ಲಿ ಆ ಜಾಗದಲ್ಲಿ ಸಾಮಾನ್ಯವಾಗಿ ಎಸ್ಕೇಪ್ ಕೂತಿರುತ್ತದೆ. ‘ಕೊಡು’ ಎಂದು ಬರೆಯಹೊರಟವರು ಪ್ರತಿ ಸಲವೂ ಎಫ್‌ಎನ್ ಹಿಡಿದುಕೊಂಡೇ ಒತ್ತಬೇಕು. ಅಂಗಡಿಯಲ್ಲಿ ಪರೀಕ್ಷಿಸಲು ಒಂದು ಪದ ಬೇಕಾದರೆ ‘ಚಿಟ್ಟೆಯೊಡನೆ’ ಎಂದು ಬರೆದು ನೋಡಿ. ಈ ಐದೂ ಕೀಗಳು ಆ ಒಂದು ಪದದಲ್ಲೇ ಬಂದುಹೋಗುತ್ತವೆ. ತಡವರಿಸದೆ ಬರೆಯಲು ಆದರೆ ಮುಂದಿನ ಮಾತು. ಆಗದಿದ್ದರೆ ಬ್ಯಾಟರಿ ಎಷ್ಟು ತಿಂಗಳು ಬಂದರೇನು?

ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಮೂಲಕ ಸರ್ಕಾರಿ ಕಚೇರಿಗಳಲ್ಲಿ ನೆಲೆಯೂರಿದ ಕಗಪ ವಿನ್ಯಾಸ ಬಳಸುವವರಿಗೆ ಈ ಕಷ್ಟ ಬಹಳ ಕಡಿಮೆ. ಅದರಲ್ಲಿ ಕನ್ನಡ ಬಹುತೇಕ ಇಂಗ್ಲಿಷ್ ಅಕ್ಷರಗಳ ಕೀಗಳಲ್ಲೇ ಮುಗಿಯುತ್ತದೆ: ‘ಕನ್ನಡ’ ಎನ್ನಲು ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದು ಒತ್ತು. ಮಹಾಪ್ರಾಣಕ್ಕೂ ದೀರ್ಘಕ್ಕೂ ಶಿಫ್ಟ್ ಬೇಕು. ಹಾಗಾಗಿ ಕಗಪದವರು ನೋಡಬೇಕಾದ ಕೀ ಶಿಫ್ಟ್. ಬಲಗಡೆಯ ಶಿಫ್ಟನ್ನು ಒಂದು ಮಾಮೂಲು ಕೀಯಷ್ಟಕ್ಕೆ ಕುಗ್ಗಿಸಿ, ಅದರ ಮತ್ತು ಓರೆಗೆರೆಯ ನಡುವೆ ಮೇಲ್ಬಾಣದ ಕೀ ತುರುಕಿದ ಕೀಬೋರ್ಡುಗಳಿವೆ. ಅಂಥದ್ದರಲ್ಲಿ ‘ಕಾ’ ಎಂದು ಒತ್ತಹೋದರೆ ಕರ್ಸರ್ ಮೇಲಿನ ಸಾಲಿಗೆ ಹಾರುತ್ತದೆ, ಬರಹ ಹಿಂದಿನ ವಾಕ್ಯದ ಹೊಟ್ಟೆಯೊಳಗೆ ಸೇರುತ್ತದೆ. ಇಂಥ ವಿನ್ಯಾಸವನ್ನು ಕನ್ನಡ ಬರೆಯುವವರು ಯಾವ ಬೆಲೆಗೂ ಕೊಳ್ಳಬಾರದೆಂದೇ ನನ್ನ ಅಭಿಪ್ರಾಯ.

ಇಲ್ಲಿ ಒಂದು ಆಕ್ಷೇಪ ಸಹಜ. ಇನ್‌ಸ್ಕ್ರಿಪ್ಟೂ ಬೇಡ, ಕಗಪವೂ ಬೇಡ, ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದರೆ ಕನ್ನಡ ತಾನಾಗಿ ಮೂಡುವ ಕಾಲವಿದು, ಚಿಹ್ನೆಗಳ ಕೀ ಚಿಕ್ಕದಾದರೆ ಏನಾಯಿತು ಎಂದು ಕೇಳಬಹುದು. ಕಂಪ್ಯೂಟರಿನ ಮಟ್ಟಿಗೆ ಇದು ಒಪ್ಪತಕ್ಕ ಮಾತೇ; ವಿಂಡೋಸ್ 10ರಲ್ಲಿ 2019ರಿಂದ ಕನ್ನಡ ಫೋನೆಟಿಕ್ ಕೂಡ ಸೇರಿದೆ. ಟ್ಯಾಬಿನಲ್ಲಿ ಮಾತ್ರ ಎಚ್ಚರ ಬೇಕು. ಪರದೆಯ ಮೇಲಿನ ಕೀಬೋರ್ಡಿನಲ್ಲಿ ಸಲೀಸಾಗಿ ನಡೆಯುವ ಲಿಪ್ಯಂತರ, ಹೊರಗಿನ ಕೀಬೋರ್ಡ್ ಜೋಡಿಸಿದ ಮೇಲೂ ಹಾಗೆಯೇ ನಡೆಯುತ್ತದೆಂಬ ಖಾತರಿಯಿಲ್ಲ. ಆಂಡ್ರಾಯ್ಡ್ ಆವೃತ್ತಿ, ಹಾಕಿಕೊಂಡ ಟೈಪಿಂಗ್ ಆ್ಯಪ್, ಅದರೊಳಗಿನ ಆಯ್ಕೆಗಳು ಎಲ್ಲ ಸೇರಿ ಅದನ್ನು ನಿರ್ಧರಿಸುತ್ತವೆ. ಕೀಬೋರ್ಡ್ ಕಳಿಸುವುದು ಬರೀ ಸಂಖ್ಯೆ ಎಂದೆನಲ್ಲ, ಆ ಸಂಖ್ಯೆಯನ್ನು ಕನ್ನಡವಾಗಿಸುವ ಹೊಣೆ ಹೊತ್ತ ಆ್ಯಪ್ ಹೊರಗಿನ ಕೀಬೋರ್ಡನ್ನು ಗಮನಿಸದಿದ್ದರೆ ಇಂಗ್ಲಿಷ್ ಅಕ್ಷರಗಳೇ ಬೀಳುತ್ತಿರುತ್ತವೆ. ತಪ್ಪು ಕೀಬೋರ್ಡಿನದಲ್ಲದಿದ್ದರೂ ಬೈಗುಳ ಬೀಳುವುದು ಅದಕ್ಕೇ. ಹಣ ಕೊಡುವ ಮುಂಚೆ ಯಾರದಾದರೂ ಹಳೆಯ ಬ್ಲೂಟೂತ್ ಕೀಬೋರ್ಡನ್ನು ನಿಮ್ಮ ಟ್ಯಾಬಿಗೆ ಜೋಡಿಸಿ ಕನ್ನಡ ಮೂಡುತ್ತದೆಯೇ ನೋಡಿಕೊಳ್ಳುವುದು ಜಾಣತನ.

ಇನ್ನು ತಂತಿಯಿಲ್ಲದ ಸಂಪರ್ಕ. ಇದು ಬಗೆಹರಿದ ವಿಷಯ ಎನ್ನಲು ಆಧಾರವಿದೆ. ನಿಮಿಷಕ್ಕೆ 40 ಪದ ಒತ್ತುವವರಿಗೆ ಎರಡು ಒತ್ತುಗಳ ನಡುವೆ ಸುಮಾರು 300 ಮಿಲಿಸೆಕೆಂಡ್ ಅಂತರವಿರುತ್ತದೆ. ಬ್ಲೂಟೂತ್ ಸಾಮಾನ್ಯವಾಗಿ ತೆಗೆದುಕೊಳ್ಳುವ ಸಮಯ ಅದರ ಒಂದು ಸಣ್ಣ ಪಾಲು ಮಾತ್ರ. ವೇಗದ ಆಟ ಆಡುವವರನ್ನು ಬಿಟ್ಟರೆ ಉಳಿದವರಿಗೆ ಈ ವಿಳಂಬ ಗೊತ್ತೇ ಆಗದು. ಉಳಿದಿರುವ ಆಯ್ಕೆ ಬ್ಲೂಟೂತ್ ಬೇಕೋ, ಯುಎಸ್‌ಬಿಗೆ ಚುಚ್ಚುವ ಪುಟ್ಟ ಡಾಂಗಲ್ ಬೇಕೋ ಎಂಬುದು. ಟ್ಯಾಬಿಗೆ ಬ್ಲೂಟೂತೇ ಸರಿ. ಅಲ್ಲಿರುವುದೇ ಒಂದು ಕಿಂಡಿ, ಅದು ಚಾರ್ಜಿಂಗಿಗೆ ಬೇಕು. ಮೇಜಿನ ಕಂಪ್ಯೂಟರಿಗೆ ಡಾಂಗಲ್ ವಾಸಿ. ವಿಂಡೋಸ್ ಶುರುವಾಗುವ ಮುಂಚಿನ ಬಯಾಸ್ ಪರದೆಯಲ್ಲಿ ಬ್ಲೂಟೂತ್ ಕೀಬೋರ್ಡ್ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ, ಡಾಂಗಲ್ ಇರುವುದು ಮಾಡುತ್ತದೆ. ಡಾಂಗಲ್ ಬಳಸುವಾಗ ಅಕ್ಷರಗಳು ತಪ್ಪಿಹೋಗುತ್ತಿದ್ದರೆ ಪಕ್ಕದ ಕಿಂಡಿಯನ್ನು ನೋಡಿ. ಯುಎಸ್‌ಬಿ 3.0 ಸಾಧನಗಳು ಡಾಂಗಲ್ ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಗದ್ದಲ ಎಬ್ಬಿಸುತ್ತವೆ ಎಂದು ಇಂಟೆಲ್ ಕಂಪನಿಯೇ 2012ರಲ್ಲಿ ವಿವರವಾಗಿ ತೋರಿಸಿದೆ. ಹಾರ್ಡ್ ಡಿಸ್ಕಿನಿಂದ ಡಾಂಗಲನ್ನು ದೂರ ಸರಿಸಿದರೆ, ಇಲ್ಲವೇ ಒಂದು ಸಣ್ಣ ಎಕ್ಸ್‌ಟೆನ್ಶನ್ ಕೇಬಲ್ ಹಾಕಿದರೆ ಎಷ್ಟೋ ‘ಕೆಟ್ಟ’ ಕೀಬೋರ್ಡುಗಳು ಸರಿಹೋಗುತ್ತವೆ.

ಸುರಕ್ಷತೆಯ ಪ್ರಶ್ನೆಯನ್ನು ಮಾತ್ರ ಹೀಗೆ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಕೀಬೋರ್ಡಿನಲ್ಲಿ ಒತ್ತಿದ್ದೆಲ್ಲ, ಬ್ಯಾಂಕಿನ ಪಾಸ್‌ವರ್ಡ್ ಸೇರಿದಂತೆ, ಗಾಳಿಯಲ್ಲಿ ಹೋಗುತ್ತದೆ. 2016ರಲ್ಲಿ ಬಾಸ್ಟಿಲ್ ಎಂಬ ಅಮೆರಿಕದ ಭದ್ರತಾ ಸಂಸ್ಥೆ ಎಂಟು ತಯಾರಕರ ಅಗ್ಗದ ಡಾಂಗಲ್ ಕೀಬೋರ್ಡುಗಳು ಒತ್ತಿದ ಅಕ್ಷರಗಳನ್ನು ಗೂಢಲಿಪಿಗೆ ತಿರುಗಿಸದೆ ಹಾಗೆಯೇ ಕಳಿಸುತ್ತಿದ್ದುದನ್ನು ಬಯಲಿಗೆಳೆಯಿತು. ಸುಮಾರು 250 ಅಡಿ ದೂರದಿಂದಲೂ ಅವನ್ನು ಕದ್ದು ಓದಬಹುದಿತ್ತು. ಹಾಗಿದ್ದರೆ ತಂತಿಯೇ ವಾಸಿಯಲ್ಲವೇ ಎಂದರೆ, ಜಾಗ ಕದಲದ ಮೇಜಿನ ಕಂಪ್ಯೂಟರಿಗೆ ಹೌದು, ತಂತಿಯೇ ವಾಸಿ. ಅಗ್ಗ, ಭದ್ರ, ಬ್ಯಾಟರಿಯ ಗೊಡವೆಯಿಲ್ಲ. ಟ್ಯಾಬಿನ ಜೊತೆಗೆ ಊರೂರು ತಿರುಗುವವರಿಗೆ ಆ ಆಯ್ಕೆ ಕಷ್ಟ. ಅಂಥವರು ಹೆಸರಿಲ್ಲದ ಡಾಂಗಲ್ ಕೀಬೋರ್ಡಿನ ಬದಲು, ಜೋಡಿಸುವಾಗ ಪರದೆಯಲ್ಲಿ ಅಂಕಿಗಳನ್ನು ತೋರಿಸಿ ಅವನ್ನು ಕೀಬೋರ್ಡಿನಲ್ಲೇ ಒತ್ತಿ ಎಂಟರ್ ಮಾಡಲು ಹೇಳುವ ಬ್ಲೂಟೂತ್ ಮಾದರಿ ಕೊಳ್ಳುವುದು ಕ್ಷೇಮ. ಬ್ಲೂಟೂತಿಗೂ ದೋಷ ತಪ್ಪಿದ್ದಲ್ಲ. ಅಪರಿಚಿತ ಸಾಧನವೊಂದು ಕೀಬೋರ್ಡಿನ ಸೋಗಿನಲ್ಲಿ ಒಳನುಗ್ಗಬಹುದಾದ ಬಿರುಕು 2023ರ ಡಿಸೆಂಬರಿನಲ್ಲಿ ಬೆಳಕಿಗೆ ಬಂತು. ಗೂಗಲ್ ಅದಕ್ಕೆ ತೇಪೆ ಒದಗಿಸಿದ್ದು ಆಂಡ್ರಾಯ್ಡ್ 11 ಮತ್ತು ಅದರ ನಂತರದ ಆವೃತ್ತಿಗಳಿಗೆ ಮಾತ್ರ. ಅದಕ್ಕಿಂತ ಹಳೆಯ ಟ್ಯಾಬ್ ಇರುವವರು ಹೊಸ ಕೀಬೋರ್ಡಿಗೆ ದುಡ್ಡು ಹಾಕುವ ಮುಂಚೆ ಟ್ಯಾಬಿನ ಬಗ್ಗೆಯೇ ಯೋಚಿಸಬೇಕು.

ಬ್ಯಾಟರಿಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಲಾಜಿಟೆಕ್ ಕಂಪನಿಯದೇ ಎರಡು ಮಾದರಿಗಳನ್ನು ನೋಡಿ: ದೀಪವಿಲ್ಲದ ಕೆ380 ಎರಡು ಎಎಎ ಸೆಲ್ಲುಗಳಲ್ಲಿ 24 ತಿಂಗಳು ನಡೆಯುತ್ತದೆ ಎನ್ನುತ್ತದೆ ಕಂಪನಿ; ದುಬಾರಿ ಎಂಎಕ್ಸ್ ಕೀಸ್ ದೀಪ ಉರಿಸಿದರೆ 10 ದಿನ, ಆರಿಸಿದರೆ 5 ತಿಂಗಳು. ಬ್ಯಾಟರಿಯನ್ನು ತಿನ್ನುವುದು ದೀಪ, ಬ್ಲೂಟೂತ್ ಅಲ್ಲ. ಕತ್ತಲಲ್ಲಿ ಬರೆಯುವ ರೂಢಿ ಇಲ್ಲದವರು ದೀಪಕ್ಕೆ ಹಣ ಕೊಡಬೇಕಾಗಿಲ್ಲ. ಎಫ್ ಮತ್ತು ಜೆ ಕೀಗಳ ಮೇಲಿನ ಸಣ್ಣ ಉಬ್ಬುಗೆರೆಗಳು ನೋಡದೆ ಒತ್ತುವವರಿಗೆ ದಾರಿ ತೋರಿಸಲೆಂದೇ ಇವೆ.

ಕೊನೆಯದಾಗಿ, ಟ್ಯಾಬಿಗೆ ಕೀಬೋರ್ಡೇ ಬೇಡ, ಕನ್ನಡದಲ್ಲಿ ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ ಎನ್ನುವವರ ಮಾತು. ಸಣ್ಣ ಸಂದೇಶಗಳಿಗೆ ಅದು ನಿಜ, ಅಂಥವರು ಹಣ ಉಳಿಸಿಕೊಳ್ಳಲಿ. ನಾಲ್ಕು ಪುಟದ ಬರಹವನ್ನು ತಿದ್ದುವವರ ಅಗತ್ಯ ಬೇರೆ. ಒಂದು ವಾಕ್ಯವನ್ನು ಎತ್ತಿ ಇನ್ನೊಂದು ಕಡೆ ಇಡಲು, ಒಂದು ವಿಭಕ್ತಿ ಪ್ರತ್ಯಯವನ್ನಷ್ಟೇ ಬದಲಿಸಲು, ಒತ್ತಕ್ಷರ ಸರಿಪಡಿಸಲು ಬಾಣದ ಕೀಗಳು ಬೇಕು, ಶಿಫ್ಟ್ ಮತ್ತು ಕಂಟ್ರೋಲ್ ಬೇಕು. ಟ್ಯಾಬನ್ನು ಅಡ್ಡ ಹಿಡಿದಾಗ ಪರದೆಯ ಮೇಲಿನ ಕೀಬೋರ್ಡ್ ಹತ್ತಿರ ಹತ್ತಿರ ಅರ್ಧ ಪುಟವನ್ನೇ ನುಂಗುತ್ತದೆ. ಹೊರಗಿನ ಕೀಬೋರ್ಡ್ ಇದ್ದರೆ ಇಡೀ ಪುಟ ಕಾಣುತ್ತದೆ. ಜೊತೆಗೆ ಟ್ಯಾಬನ್ನು ನಾಲ್ಕು ದಪ್ಪ ಪುಸ್ತಕಗಳ ಮೇಲೆ ಕಣ್ಣಿನ ಮಟ್ಟಕ್ಕೆ ಎತ್ತರಿಸಿ, ಕೈಗಳನ್ನು ಕೆಳಗೆ ಮೇಜಿನ ಮೇಲಿಟ್ಟು ಬರೆಯಬಹುದು, ಕತ್ತು ಬಗ್ಗಿಸಬೇಕಾಗಿಲ್ಲ. ನನ್ನ ಮಟ್ಟಿಗೆ ವೈರ್‌ಲೆಸ್ ಎಂಬುದರ ನಿಜವಾದ ಲಾಭ ಇದೇ. ಟ್ಯಾಬಿಗೆ ಅಂಟಿಕೊಂಡೇ ಇರುವ ಮುಚ್ಚಳದ ಕೀಬೋರ್ಡಿನಲ್ಲಿ ಈ ಅನುಕೂಲ ಸಿಗುವುದಿಲ್ಲ. ಹಾಗಾಗಿ ಟ್ಯಾಬಿಗಿಂತ ಮೂರು ಸೆಂಟಿಮೀಟರ್ ಅಗಲವಾದ, ಬೇರೆಯಾಗಿ ಚೀಲದಲ್ಲಿ ಹೋಗುವ ಕೀಬೋರ್ಡ್ ಕೊಳ್ಳಿ ಎನ್ನುತ್ತೇನೆ.

ಚಪ್ಪಲಿಯನ್ನು ಕಾಲಿಗೆ ಹಾಕಿ ನೋಡದೆ ಕೊಳ್ಳದವರು ಕೀಬೋರ್ಡನ್ನು ಚಿತ್ರ ನೋಡಿ ಕೊಳ್ಳುತ್ತಾರೆ. ಅಂಗಡಿಗೆ ಹೋಗುವುದಾದರೆ ಟ್ಯಾಬನ್ನೂ ಕೊಂಡೊಯ್ಯಿರಿ, ಜೋಡಿಸಿಕೊಡಲು ಕೇಳಿ, ನೀವು ರೂಢಿಸಿಕೊಂಡ ವಿನ್ಯಾಸದಲ್ಲಿ ನಾಲ್ಕು ಸಾಲು ಕನ್ನಡ ಬರೆಯಿರಿ. ಆನ್‌ಲೈನಿನಲ್ಲಿ ತರಿಸುವುದಾದರೆ ಮೇಲಿನಿಂದ ತೆಗೆದ ಚಿತ್ರವನ್ನು ದೊಡ್ಡದು ಮಾಡಿ ಎರಡು ತುದಿಗಳ ಕೀಗಳನ್ನು ಒಂದೊಂದಾಗಿ ನೋಡಿ, ವಾಪಸ್ ಕೊಡಲು ಎಷ್ಟು ದಿನ ಅವಕಾಶವಿದೆ ಎಂದು ಓದಿಕೊಳ್ಳಿ, ಪೆಟ್ಟಿಗೆ ಬಂದ ದಿನವೇ ಬರೆದು ನೋಡಿ.